ಹಾರ ಹಾಕುವ ಮೊದಲು ಪರಿಚಯ ಮಾಡಿಕೊಳ್ಳಿ

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯವನ್ನು ನಮ್ಮಲ್ಲಿ ಹೆಚ್ಚಿನವರು ಬೇಗ ಬೇಗ ದಾಟಿಬಿಡುತ್ತೇವೆ. ಕೃಪೆ, ನೀತಿ, ನಂಬಿಕೆ ಎಂದು ದೊಡ್ಡ ಮಾತುಗಳನ್ನೆಲ್ಲ ಓದಿ ಬಂದವರಿಗೆ ಅಲ್ಲಿ ಸಿಗುವುದು ಹೆಸರುಗಳ ಸಾಲು. 20ಕ್ಕೂ ಹೆಚ್ಚು ಹೆಸರುಗಳಿವೆ. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ ಇದ್ದಾಳೆ. ಗುಡಾರ ಹೊಲಿಯುವ ಕಸುಬಿನ ಅಕ್ವಿಲನೂ ಅವನ ಹೆಂಡತಿ ಪ್ರಿಸ್ಕಳೂ ಇದ್ದಾರೆ. ಪೌಲನ ಜೀವ ಉಳಿಸಲು ತಮ್ಮ ಕುತ್ತಿಗೆಯನ್ನೇ ಒಡ್ಡಿದವರು ಅವರು. ರೂಫನ ತಾಯಿ ನನಗೂ ತಾಯಿ ಎಂದು ಪೌಲ ಹೇಳುತ್ತಾನೆ, ಆಕೆಯ ಹೆಸರು ಮಾತ್ರ ಹೇಳುವುದಿಲ್ಲ. ನಡುವೆ ತೆರ್ತ್ಯ ಎಂಬವನು, ಈ ಕಾಗದವನ್ನು ಬರೆದುಕೊಂಡವನು ನಾನೇ, ನನ್ನದೂ ಒಂದು ವಂದನೆ ಎಂದು ಒಂದು ಸಾಲು ಸೇರಿಸುತ್ತಾನೆ. ಕ್ರೈಸ್ತ ಸಿದ್ಧಾಂತದ ಅತಿ ದೊಡ್ಡ ಪತ್ರಿಕೆ ಹೀಗೆ, ಯಾರು ಯಾರಿಗೆ ಏನಾಗಬೇಕು ಎಂಬಲ್ಲಿ ಮುಗಿಯುತ್ತದೆ.

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು. ನಂಬಿಕೆ ನಮ್ಮ ತನಕ ಬಂದದ್ದು ಮನುಷ್ಯರ ಕೈಯಿಂದ. ಆದ್ದರಿಂದ ನಾವು ಮೆಚ್ಚುವ ಮನುಷ್ಯರನ್ನು ಸರಿಯಾಗಿ ಭೇಟಿಯಾಗುವುದೂ ನಂಬಿಕೆಯ ಅಭ್ಯಾಸವೇ, ಪ್ರಾರ್ಥನೆಯ ಹಾಗೆ, ವಾಕ್ಯ ಓದುವ ಹಾಗೆ. ಆದರೆ ನಾವು ಅವರನ್ನು ಭೇಟಿಯಾಗುವುದೇ ಇಲ್ಲ. ಹಾರ ಹಾಕುತ್ತೇವೆ, ಜಯಂತಿಯ ದಿನ ಭಾಷಣ ಮಾಡುತ್ತೇವೆ, ಅವರ ಒಂದು ಮಾತನ್ನು ಚಿತ್ರದ ಮೇಲೆ ಅಚ್ಚು ಹಾಕಿ ಹಂಚುತ್ತೇವೆ. ಅಷ್ಟರಲ್ಲಿ ಆ ಮನುಷ್ಯ ಕೈತಪ್ಪಿ ಹೋಗಿರುತ್ತಾನೆ.

ಹಂಚುವ ಮಾತಿನ ವಿಷಯ ಮೊದಲು ಹೇಳಿಬಿಡುತ್ತೇನೆ. "ಸದಾ ಸುವಾರ್ತೆ ಸಾರಿರಿ, ಅಗತ್ಯ ಬಿದ್ದರೆ ಮಾತನ್ನೂ ಬಳಸಿರಿ" ಎಂಬ ಮಾತನ್ನು ಅಸ್ಸೀಸಿಯ ಫ್ರಾನ್ಸಿಸರ ಹೆಸರಿನಲ್ಲಿ ನೀವೆಲ್ಲ ಕೇಳಿದ್ದೀರಿ. ಅವರ ಬರಹಗಳಲ್ಲಿ ಆ ಮಾತು ಇಲ್ಲ. ತಮ್ಮ ಸಹೋದರರ ಸಂಘಕ್ಕೆ ಅವರು ಬರೆದ 1221ರ ನಿಯಮಾವಳಿಯ 17ನೆಯ ಅಧ್ಯಾಯದಲ್ಲಿ, ಸಹೋದರರೆಲ್ಲರೂ ತಮ್ಮ ನಡೆಯಿಂದ ಸಾರಲಿ ಎಂಬ ಅರ್ಥದ ಮಾತಿದೆ. ಆದರೆ ಅದೇ ಅಧ್ಯಾಯ ಬಾಯಿಬಿಟ್ಟು ಬೋಧಿಸುವವರು ಹೇಗಿರಬೇಕು ಎಂಬುದನ್ನೂ ಹೇಳುತ್ತದೆ. ಫ್ರಾನ್ಸಿಸರು ಊರೂರು ತಿರುಗಿ ಬೋಧಿಸಿದವರು. ಆ ಚಂದದ ವಾಕ್ಯವನ್ನು ಮಾತ್ರ ಹಿಡಿದುಕೊಂಡರೆ ನಮಗೆ ಸಿಗುವುದು ನಮ್ಮ ಸಂಕೋಚಕ್ಕೆ ಒಪ್ಪುವ ಫ್ರಾನ್ಸಿಸ್. ಒಂದು ಮಾತು ಇಷ್ಟವಾದರೆ ಅದು ಯಾವ ಬರಹದ್ದು, ಯಾವ ವರ್ಷದ್ದು, ಅದರ ಹಿಂದಿನ ಮುಂದಿನ ವಾಕ್ಯ ಯಾವುದು ಎಂದು ಹುಡುಕಿ. ಈ ಮೂರೂ ಸಿಗದಿದ್ದರೆ ಹಂಚಬೇಡಿ.

ಹಾಗಾದರೆ ಭೇಟಿ ಹೇಗೆ? ನನ್ನ ಸಲಹೆ ಇದು. ಮೊದಲು ಅವರ ಕೈಯ ಕೆಲಸ, ಆಮೇಲೆ ಅವರ ಕಾಗದಪತ್ರ, ಎಲ್ಲಕ್ಕಿಂತ ಕೊನೆಗೆ ಜೀವನಚರಿತ್ರೆ. ನಾವು ಮಾಡುವುದು ಇದಕ್ಕೆ ತಿರುಗುಮುರುಗು. ಜೀವನಚರಿತ್ರೆಯನ್ನು ಮೊದಲು ಓದಿದರೆ ಇನ್ನೊಬ್ಬರ ಮೆಚ್ಚುಗೆ ನಮ್ಮೊಳಗೆ ಬಂದು ಕೂತುಬಿಡುತ್ತದೆ. ಅದಾದ ಮೇಲೆ ಕಾಗದ ಓದಿದರೂ ಆ ಮೆಚ್ಚುಗೆಗೆ ಹೊಂದುವ ಸಾಲುಗಳೇ ಕಣ್ಣಿಗೆ ಬೀಳುತ್ತವೆ.

ಕೈಯ ಕೆಲಸಕ್ಕೆ ನಮಗೆ ತೀರ ಹತ್ತಿರದ ಉದಾಹರಣೆ ಫರ್ಡಿನಾಂಡ್ ಕಿಟೆಲ್. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಪರವಾಗಿ 1853ರಲ್ಲಿ ಇಲ್ಲಿಗೆ ಬಂದವರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟು ಅವರದು, ಸುಮಾರು 70,000 ಪದಗಳದ್ದು. ಇಷ್ಟು ಎಲ್ಲರಿಗೂ ಗೊತ್ತು. ಈಗ ಆ ನಿಘಂಟನ್ನು ತೆಗೆದು ಎದುರಿಗೆ ಇಟ್ಟುಕೊಳ್ಳಿ. ಹಳೆಯ ಮುದ್ರಣದ ಸ್ಕ್ಯಾನ್ ಪ್ರತಿ ಸಿಗುತ್ತದೆ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಮದರಾಸು ವಿಶ್ವವಿದ್ಯಾಲಯದ ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿವೆ. ದಿನಬಳಕೆಯ 10 ಪದ ಆರಿಸಿ: ಕೈ, ನೀರು, ಸಾಲ, ಹೊಟ್ಟೆ, ಇಂಥವು. ಒಂದೊಂದಕ್ಕೂ ನಾಲ್ಕು ವಿಷಯ ಗುರುತು ಹಾಕಿಕೊಳ್ಳಿ. ಆ ಪದ ಯಾವ ಹಳೆಯ ಕೃತಿಯಲ್ಲಿದೆ ಎಂದು ಅವರು ತೋರಿಸಿದ್ದಾರೆ? ಯಾವ ಕಡೆಯ ಆಡುಮಾತು ಎಂದಿದ್ದಾರೆ? ತಮಿಳು, ತೆಲುಗು, ತುಳು, ಮಲಯಾಳದ ಯಾವ ಪದದ ಪಕ್ಕಕ್ಕೆ ಇಟ್ಟಿದ್ದಾರೆ? ಯಾವ ಗಾದೆ ಕೊಟ್ಟಿದ್ದಾರೆ?

ಇದನ್ನು ಒಂದು ಸಂಜೆ ಮಾಡಿದರೆ ಕಿಟೆಲ್ ನಿಮಗೆ ಪರಿಚಯವಾಗುತ್ತಾರೆ. ಬೋಧಿಸಲು ಬಂದವರು ಎಷ್ಟು ಕೇಳಿಸಿಕೊಂಡರು ಎಂಬುದು ಆ ಗಾದೆಗಳಲ್ಲಿ ಕಾಣುತ್ತದೆ. ಗಾದೆ ಪುಸ್ತಕದ ಮಾತಲ್ಲ. ಅದನ್ನು ಬರೆದುಕೊಳ್ಳಬೇಕಾದರೆ ಜನರ ನಡುವೆ ನಿಂತು, ಆಡಿದವರನ್ನೇ ಅದರ ಅರ್ಥ ಕೇಳಬೇಕು. ನಿಘಂಟು ಬರುವುದಕ್ಕೆ ಎಷ್ಟೋ ಮೊದಲೇ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ಅವರು ಕನ್ನಡ ಛಂದಸ್ಸಿನಲ್ಲೇ 'ಕಥಾಮಾಲೆ' ಎಂದು ಬರೆದಿದ್ದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಹೊರತಂದರು. ಜೈನ ಕವಿಯ ವ್ಯಾಕರಣವನ್ನು ಒಬ್ಬ ಮಿಷನರಿ ಅಕ್ಷರ ಅಕ್ಷರ ತಿದ್ದುತ್ತ ಕೂತ ಆ ಗಂಟೆಗಳನ್ನು ಆರಾಧನೆಯಿಂದ ಬೇರೆ ಎಂದು ನನಗೆ ಅನ್ನಿಸುವುದಿಲ್ಲ. ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆಯಲ್ಲಿ ನೆರೆಯವನ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದೂ ಸೇರಿದೆ.

ಕಿಟೆಲ್ ಕೊಟ್ಟ ಪದಮೂಲಗಳಲ್ಲಿ ಹಲವನ್ನು ಮುಂದಿನ ವಿದ್ವಾಂಸರು ತಿದ್ದಿದ್ದಾರೆ. ಇದನ್ನು ಹೇಳಲು ಹಿಂಜರಿಯಬೇಡಿ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ನಂಬಿಕೆಯ ವೀರರ ಪಟ್ಟಿಯಿದೆಯಲ್ಲ, ಅದರಲ್ಲಿ ವೇಶ್ಯೆ ರಾಹಾಬ ಇದ್ದಾಳೆ, ಸಂಸೋನ ಇದ್ದಾನೆ, ದುಡುಕಿ ಹರಕೆ ಹೊತ್ತು ಸ್ವಂತ ಮಗಳನ್ನೇ ಕಳೆದುಕೊಂಡ ಯೆಪ್ತಾಹ ಇದ್ದಾನೆ. ಶಾಸ್ತ್ರವೇ ಅವರ ಕಥೆಯನ್ನು ಬಣ್ಣ ಹಚ್ಚದೆ ಇನ್ನೊಂದು ಕಡೆ ಬರೆದಿಟ್ಟಿದೆ. ಹಾಗಿರುವಾಗ ನಾವು ಯಾಕೆ ಹಚ್ಚಬೇಕು?

ಎರಡನೆಯದು ಕಾಗದಗಳು. ಇಲ್ಲಿ ನಾನು ಹೆಸರಿಸುವುದು ಪಂಡಿತಾ ರಮಾಬಾಯಿಯವರನ್ನು. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಹೆಂಗಸರಿಗೆ ಸಂಸ್ಕೃತ ಕಲಿಸಬಾರದು ಎಂಬ ಕಾಲದಲ್ಲಿ ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಕಲಿಸಿದರು, ಆ ತಾಯಿ ಮಗಳಿಗೆ ಕಲಿಸಿದರು. 1870ರ ದಶಕದ ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡು, ಅಣ್ಣನ ಜೊತೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ, 1878ರಲ್ಲಿ ಕಲ್ಕತ್ತೆಗೆ ಬಂದಾಗ ಅಲ್ಲಿಯ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡರು, ಮಡಿಲಲ್ಲಿ ಮಗಳು ಮನೋರಮಾ. 1883ರಲ್ಲಿ ಇಂಗ್ಲೆಂಡಿಗೆ ಹೋಗಿ, ವಾಂಟೇಜಿನ ಸನ್ಯಾಸಿನಿಯರ ಮಠದಲ್ಲಿದ್ದಾಗ ಅದೇ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಪಡೆದರು.

ನಮ್ಮ ಜೀವನಚರಿತ್ರೆಗಳು ಸಾಮಾನ್ಯವಾಗಿ ಇಲ್ಲಿಂದ ಒಂದೇ ಹಾರಿಗೆ, ಅವರು ಮುಂದೆ ನಿರ್ಗತಿಕ ಹೆಂಗಸರಿಗಾಗಿ ನಡೆಸಿದ ಕೇಡಗಾಂವಿನ ಮುಕ್ತಿ ಮಿಷನ್ನಿಗೆ ಹೋಗುತ್ತವೆ. ಹಾರಿದ ಆ ಜಾಗದಲ್ಲೇ ಕಾಗದಗಳಿವೆ. ಮಠದಲ್ಲಿ ಅವರಿಗೆ ಗುರುವಾಗಿದ್ದವರು ಸಿಸ್ಟರ್ ಜೆರಾಲ್ಡೀನ್. ಇಬ್ಬರ ನಡುವಿನ ಪತ್ರಗಳು 1977ರಲ್ಲಿ ಅಚ್ಚಾಗಿವೆ. ಓದಿ ನೋಡಿ, ಹೊಸದಾಗಿ ನಂಬಿದ ವಿಧೇಯ ಶಿಷ್ಯೆ ಅಲ್ಲಿ ಸಿಗುವುದಿಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ತ್ರಿಯೇಕತ್ವದ ಬಗ್ಗೆ ಪ್ರಶ್ನೆ, ಸಭೆಯ ಅಧಿಕಾರದ ಬಗ್ಗೆ ಪ್ರಶ್ನೆ, ಮಗಳಿಗೆ ಏನು ಕಲಿಸಬೇಕು ಎಂಬುದನ್ನು ಯಾರು ತೀರ್ಮಾನಿಸಬೇಕು ಎಂಬ ಜಗಳ. ಚೆಲ್ಟೆನ್‌ಹ್ಯಾಮಿನಲ್ಲಿ ರಮಾಬಾಯಿ ಗಂಡಸರಿಗೆ ಸಂಸ್ಕೃತ ಪಾಠ ಹೇಳುವ ಯೋಚನೆಗೆ ಬಿಷಪ್ಪರು ಅಡ್ಡ ಬಂದಾಗ ಅವರು ಸುಮ್ಮನಿರಲಿಲ್ಲ. ಸಸ್ಯಾಹಾರ ಬಿಡಲಿಲ್ಲ, ಮಠದವರಿಗೆ ಅದು ಹಳೆಯ ಜಾತಿಯ ಹೆಮ್ಮೆಯಂತೆ ಕಂಡಿತು, ಅವರಿಗೆ ಅದು ತಮ್ಮ ಸ್ವಾತಂತ್ರ್ಯವಾಗಿತ್ತು.

ಇಂಥ ಪತ್ರಗಳನ್ನು ಓದಲು ಒಂದು ಕ್ರಮವಿದೆ. ಎರಡೂ ಕಡೆಯ ಕಾಗದಗಳನ್ನು ತಾರೀಖಿನ ಪ್ರಕಾರ ಓದಬೇಕು. ಆಯ್ದ ಭಾಗ ಮಾತ್ರ ಓದಿದರೆ ಸಿಸ್ಟರ್ ಜೆರಾಲ್ಡೀನ್ ಬರೀ ದರ್ಪದ ಹೆಂಗಸಾಗಿ ಕಾಣುತ್ತಾರೆ. ಪೂರ್ತಿ ಓದಿದಾಗ ಆಕೆಯೂ ನೋಯುತ್ತಿದ್ದಾರೆ, ಆಕೆಗೂ ರಮಾಬಾಯಿಯ ಮೇಲೆ ನಿಜವಾದ ಪ್ರೀತಿಯಿದೆ ಎಂದು ತಿಳಿಯುತ್ತದೆ. ಒಂದೊಂದು ಕಾಗದದ ಬದಿಯಲ್ಲಿ ಮೂರು ವಿಷಯ ಬರೆದುಕೊಳ್ಳಿ: ಬರೆಯುವಾಗ ಅವರ ವಯಸ್ಸೆಷ್ಟು, ಯಾರ ಹಣದಲ್ಲಿ ಬದುಕುತ್ತಿದ್ದರು, ಕಾಗದ ತಲುಪಿದ ಮೇಲೆ ಏನು ಕಳೆದುಕೊಳ್ಳಬಹುದಿತ್ತು. ಎರಡನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಅನ್ನ ಹಾಕುವ ಮನೆಯಲ್ಲಿ ಕೂತು ಆ ಮನೆಯವರ ದೇವಶಾಸ್ತ್ರವನ್ನು ಪ್ರಶ್ನಿಸುವುದು ಏನೆಂದು ಆಗ ಅರ್ಥವಾಗುತ್ತದೆ. ಆಗ ಅವರಿಗೆ 30 ವರ್ಷವೂ ತುಂಬಿರಲಿಲ್ಲ.

1907ರಲ್ಲಿ ಬರೆದ ಸಾಕ್ಷಿಯಲ್ಲಿ ರಮಾಬಾಯಿ ಒಂದು ಮಾತು ಹೇಳುತ್ತಾರೆ. ದೀಕ್ಷಾಸ್ನಾನವಾಗಿ ಎಂಟು ವರ್ಷವಾದ ಮೇಲೆ ಅವರಿಗೆ ತಿಳಿದದ್ದು, ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನು ಇನ್ನೂ ಸಿಕ್ಕಿರಲಿಲ್ಲ ಎಂಬುದು. ಈ ಮಾತು ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ, ಮೊದಲಿನ ಎಂಟು ವರ್ಷ ವ್ಯರ್ಥ ಎಂಬಂತೆ. ನಾನು ಹಾಗೆ ಓದುವುದಿಲ್ಲ. ಆ ಎಂಟು ವರ್ಷಗಳಲ್ಲೇ ಅವರು 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆದು ವಿಧವೆಯರಿಗೆ ಓದು ಕಲಿಸತೊಡಗಿದ್ದರು. ಸಂದೇಹ ಇನ್ನೂ ತೀರದಿರುವಾಗಲೇ ಸೇವೆ ಶುರುವಾಗಿತ್ತು. ನಿಮ್ಮಲ್ಲಿ ಯಾರಾದರೂ, ನನ್ನ ಪ್ರಶ್ನೆಗಳೆಲ್ಲ ತೀರಿದ ಮೇಲೆ ಏನಾದರೂ ಮಾಡುತ್ತೇನೆ ಎಂದು ಕಾಯುತ್ತಿದ್ದರೆ, ದಯವಿಟ್ಟು ಈ ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿ.

ಮುಂದೆ ಅವರು ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಮುಕ್ತಿಯ ಹೆಂಗಸರಿಗೆ ಓದಿದ ಕೂಡಲೇ ತಿಳಿಯುವ ಮರಾಠಿ ಬೇಕು ಎಂಬುದು ಅವರ ಹಟ. ಅಲ್ಲಿಯ ಹೆಂಗಸರೇ ಮೊಳೆ ಜೋಡಿಸಿದರು, ಅಚ್ಚು ಹಾಕಿದರು. 1921ರಲ್ಲಿ ಮನೋರಮಾ ತೀರಿಕೊಂಡರು, 1922ರ ಏಪ್ರಿಲ್ 5ರಂದು ರಮಾಬಾಯಿ. ಪೂರ್ತಿ ಬೈಬಲ್ ಹೊರಬಂದದ್ದು ಅದಾದ ಮೇಲೆ.

ಮೂರನೆಯವರ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಇಲ್ಲಿ ಕೆಲಸದ ವಿವರವೇ ದೇವಶಾಸ್ತ್ರ.

ಡಾಕ್ಟರ್ ಪಾಲ್ ಬ್ರ್ಯಾಂಡ್ 1914ರಲ್ಲಿ ಮಿಷನರಿ ದಂಪತಿಗಳಿಗೆ ಹುಟ್ಟಿ, ತಮಿಳುನಾಡಿನ ಕೊಲ್ಲಿಬೆಟ್ಟದಲ್ಲಿ ಬೆಳೆದವರು. ವೈದ್ಯಕೀಯಕ್ಕೆ ಮೊದಲು ಮರಗೆಲಸ, ಕಟ್ಟಡ ಕೆಲಸ ಕಲಿತಿದ್ದರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗದಲ್ಲಿ ಬೆರಳುಗಳು ಕೊಳೆತು ಉದುರುತ್ತವೆ ಎಂದು ಆಗ ವೈದ್ಯರೂ ನಂಬಿದ್ದರು. ಚೆಂಗಲ್ಪಟ್ಟಿನ ರೋಗಿಗಳನ್ನು ನೋಡುತ್ತ ಬ್ರ್ಯಾಂಡ್ ಕಂಡುಕೊಂಡದ್ದು ಬೇರೆ. ಮಾಂಸ ಕೊಳೆಯುವುದಿಲ್ಲ, ಗಾಯಕ್ಕೆ ವಿಶ್ರಾಂತಿ ಕೊಟ್ಟರೆ ಎಲ್ಲರಂತೆ ಮಾಯುತ್ತದೆ. ಕೆಟ್ಟಿರುವುದು ನರ. ನೋವು ತಿಳಿಯದ್ದರಿಂದ ಬಿಸಿ ಪಾತ್ರೆ ಹಿಡಿಯುತ್ತಾರೆ, ಚಪ್ಪಲಿಯೊಳಗಿನ ಮೊಳೆಯ ಮೇಲೆ ದಿನವಿಡೀ ನಡೆಯುತ್ತಾರೆ. ಗಾಯಕ್ಕೆ ಸೋಂಕು ತಗುಲಿ, ಎಲುಬು ಕರಗಿ, ಬೆರಳು ಮೊಟಕಾಗುತ್ತದೆ.

ಇನ್ನು ಕೈ. ಮೊಣಕೈಯ ಒಳಬದಿಯ ಎಲುಬಿನ ಹಿಂದೆ ಒಂದು ನರ ಹಾಯುತ್ತದೆ. ಅಲ್ಲಿಗೆ ಏನಾದರೂ ತಗುಲಿದರೆ ಕಿರುಬೆರಳಿನವರೆಗೆ ಜುಮ್ಮೆನ್ನುತ್ತದಲ್ಲ, ಅದೇ ನರ. ಕುಷ್ಠದ ರೋಗಾಣು ಚರ್ಮಕ್ಕೆ ಹತ್ತಿರವಿರುವ, ಸ್ವಲ್ಪ ತಣ್ಣಗಿರುವ ಇಂಥ ಜಾಗಗಳನ್ನು ಹಿಡಿಯುತ್ತದೆ. ಆ ನರ ಸತ್ತರೆ ಅಂಗೈಯೊಳಗಿನ ಸಣ್ಣ ಸ್ನಾಯುಗಳು ಸೋಲುತ್ತವೆ, ಬೆರಳುಗಳು ಹಕ್ಕಿಯ ಪಂಜದ ಹಾಗೆ ಒಳಕ್ಕೆ ಮುದುರಿಕೊಳ್ಳುತ್ತವೆ. ಆದರೆ ಮುಂಗೈಯ ಹಿಂಬದಿಯ ಸ್ನಾಯುಗಳಿಗೆ ಬರುವ ನರ ಸಾಮಾನ್ಯವಾಗಿ ಉಳಿದಿರುತ್ತದೆ. ಬ್ರ್ಯಾಂಡ್ ಅಲ್ಲಿಯ ಒಂದು ಸ್ನಾಯುವನ್ನು ಎರವಲು ಪಡೆದರು. ಅದು ಬೆರಳಿನವರೆಗೆ ಮುಟ್ಟುವುದಿಲ್ಲವಾದ್ದರಿಂದ, ಕಾಲಿನಲ್ಲಿರುವ, ತೆಗೆದರೂ ನಡಿಗೆಗೆ ತೊಂದರೆಯಾಗದ ಒಂದು ಉದ್ದನೆಯ ತೆಳುವಾದ ರಜ್ಜುವನ್ನು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಯನ್ನು) ತೆಗೆದು ಅದಕ್ಕೆ ಜೋಡಿಸಿ, ನಾಲ್ಕು ಎಳೆಯಾಗಿ ಸೀಳಿ, ಒಂದೊಂದು ಎಳೆಯನ್ನು ಒಂದೊಂದು ಬೆರಳಿಗೆ ಹೊಲಿದರು. ಎಲ್ಲ ಇರುವುದು ಬಿಗಿಯಲ್ಲಿ. ಸಡಿಲವಾದರೆ ಬೆರಳು ಮತ್ತೆ ಮುದುರುತ್ತದೆ. ಬಿಗಿ ಹೆಚ್ಚಾದರೆ ಬೆರಳು ನೆಟ್ಟಗಾಗಿ ನಿಂತು ಮುಷ್ಟಿ ಕಟ್ಟಲು ಬರುವುದಿಲ್ಲ. ಮೂರು ವಾರ ಪ್ಲಾಸ್ಟರ್. ಬಿಚ್ಚಿದ ಮೇಲೆ ಮಿದುಳಿಗೆ ಪಾಠ: ಮೊದಲು ಮಣಿಕಟ್ಟನ್ನು ಎತ್ತುತ್ತಿದ್ದ ಸ್ನಾಯು ಈಗ ಬೆರಳಿನ ಕೆಲಸ ಮಾಡಬೇಕು. ಇದನ್ನು ಕಲಿಸುವ ವ್ಯಾಯಾಮ ತಪ್ಪಿದರೆ ಎಷ್ಟು ಚೆನ್ನಾಗಿ ಹೊಲಿದಿದ್ದರೂ ಫಲವಿಲ್ಲ.

ಫಲ ಬಂದ ಕಡೆಯೂ ಇನ್ನೊಂದು ತೊಂದರೆ ಎದ್ದಿತು. ಬೆರಳು ನೆಟ್ಟಗಾದವರು ಊರಿಗೆ ಹೋದರು; ಕೆಲಸ ಕೊಡುವವರಿಲ್ಲ, ಮುದುರಿದ ಕೈಗೆ ಬೀಳುತ್ತಿದ್ದ ಭಿಕ್ಷೆಯೂ ಈಗ ಬೀಳುವುದಿಲ್ಲ. ಸರಿಪಡಿಸಿದ ಕೈಯಲ್ಲಿ ಸ್ಪರ್ಶ ಮಾತ್ರ ಮರಳಿರಲಿಲ್ಲ, ಹಾಗಾಗಿ ಹೊಸ ಗಾಯಗಳೂ ಆದವು. ಆಗ ವೆಲ್ಲೂರಿನಲ್ಲಿ ಕೆಲವು ಗುಡಿಸಲುಗಳನ್ನು ಕಟ್ಟಿ ನವಜೀವ ನಿಲಯಂ ಎಂದು ಕರೆದರು. ಅಲ್ಲಿ ಮರಗೆಲಸ ಕಲಿಸಿದರು. ಉಪಕರಣಗಳ ಹಿಡಿಗಳನ್ನು ದಪ್ಪ ಮಾಡಿ, ಒತ್ತಡ ಒಂದೇ ಜಾಗಕ್ಕೆ ಬೀಳದಂತೆ ಅಂಗೈಗೆಲ್ಲ ಹರಡುವ ಹಾಗೆ ಕೆತ್ತಿದರು. ದಿನದ ಕೊನೆಗೆ ಕೈಕಾಲುಗಳನ್ನು ಕಣ್ಣಿನಿಂದ ಪರೀಕ್ಷಿಸಿಕೊಳ್ಳುವುದನ್ನು ರೂಢಿ ಮಾಡಿಸಿದರು, ಚರ್ಮ ಹೇಳದ್ದನ್ನು ಕಣ್ಣು ಹೇಳಬೇಕಲ್ಲ.

ನೋವಿಗಾಗಿ ದೇವರಿಗೆ ಸ್ತೋತ್ರ ಎಂದು ಬ್ರ್ಯಾಂಡ್ ಹೇಳುತ್ತಿದ್ದರು. ಆ ಮಾತನ್ನು ಹಾಗೇ ಎತ್ತಿಕೊಂಡು ನರಳುತ್ತಿರುವವರ ಹಾಸಿಗೆಯ ಪಕ್ಕದಲ್ಲಿ ಆಡಿದರೆ ಅದು ಕ್ರೌರ್ಯ. ನೋವಿಲ್ಲದ ಸಾವಿರಾರು ಕೈಗಳನ್ನು ಹಿಡಿದು ನೋಡಿದವರ ಮಾತು ಅದು. ನೋವನ್ನು ಶಿಕ್ಷೆ ಎಂದೋ ಪರೀಕ್ಷೆ ಎಂದೋ ಬೋಧಿಸುವುದು ನಮಗೆ ರೂಢಿ. ಬ್ರ್ಯಾಂಡ್‌ರಿಗೆ ಅದು ದೇಹವನ್ನು ಕಾಯಲು ಸೃಷ್ಟಿಕರ್ತನು ಇಟ್ಟ ಕಾವಲು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ, ಒಂದು ಅಂಗಕ್ಕೆ ನೋವಾದರೆ ಎಲ್ಲ ಅಂಗಗಳಿಗೂ ನೋವು ಎಂದು ಪೌಲ ಸಭೆಯ ಬಗ್ಗೆ ಹೇಳುವುದನ್ನು ಇದರ ಜೊತೆಗೆ ಓದಿ. ಸಭೆಯೊಂದರಲ್ಲಿ ಒಬ್ಬರ ನೋವು ಉಳಿದವರಿಗೆ ತಿಳಿಯದೇ ಹೋಗುತ್ತಿದ್ದರೆ, ಆ ಸಭೆಗೆ ಯಾವ ರೋಗ ಬಂದಿದೆ ಎಂದು ಯೋಚಿಸಬೇಕು.

ಬ್ರ್ಯಾಂಡ್ ಹೆಸರು ಹೇಳಿ ಮೇರಿ ವರ್ಗೀಸ್ ಹೆಸರು ಬಿಡುವುದು ಅನ್ಯಾಯ. 1925ರಲ್ಲಿ ಕೇರಳದಲ್ಲಿ ಹುಟ್ಟಿ, ವೆಲ್ಲೂರಿನಲ್ಲೇ ಓದಿ ವೈದ್ಯೆಯಾದವರು. 1954ರ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಶಸ್ತ್ರಚಿಕಿತ್ಸೆ ನಿಂತು ಮಾಡುವ ಕೆಲಸ, ಆದರೆ ಕೈಯ ಶಸ್ತ್ರಚಿಕಿತ್ಸೆಯನ್ನು ಕೂತೇ ಮಾಡುತ್ತಾರೆ. ಬ್ರ್ಯಾಂಡ್ ಅದನ್ನೇ ತೋರಿಸಿದರು. ಗಾಲಿಕುರ್ಚಿಯಲ್ಲಿ ಕೂತು ಮೇರಿ ವರ್ಗೀಸ್ ಕುಷ್ಠರೋಗಿಗಳ ಬೆರಳುಗಳನ್ನು ಬಿಡಿಸಿದರು. ನ್ಯೂಯಾರ್ಕಿನಲ್ಲಿ ಡಾಕ್ಟರ್ ಹೊವಾರ್ಡ್ ರಸ್ಕ್ ಬಳಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ಬಂದು, ವೆಲ್ಲೂರಿನಲ್ಲಿ ಆ ವಿಭಾಗವನ್ನು ನಡೆಸಿದರು. ಅವರ ಕಥೆಯನ್ನು ಹೇಳುವಾಗ ನಾವು ಅಪಘಾತದಿಂದ ನೇರ ಜಯಕ್ಕೆ ಜಿಗಿಯುತ್ತೇವೆ. ನಡುವಿನ ತಿಂಗಳುಗಳಿವೆ: ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕಾದ, ಹಾಸಿಗೆ ಹುಣ್ಣಿನ ಭಯದ, ಎದ್ದು ಕೂರುವುದನ್ನೇ ಕಲಿಯಬೇಕಾದ ತಿಂಗಳುಗಳು. ಆ ಮಗ್ಗುಲು ಬದಲಿಸಿದವರ ಹೆಸರು ನಮಗೆ ಸಿಗುವುದು ಕಷ್ಟ. ಆದರೂ ಹುಡುಕಬೇಕು. ಯಾರದೇ ಬದುಕನ್ನು ಓದುವಾಗ ಒಂದು ಹಾಳೆ ಬೇರೆ ಇಟ್ಟುಕೊಂಡು ಅಡುಗೆ ಮಾಡಿದವರು, ಹಣ ಕಳಿಸಿದವರು, ಭಾಷೆ ಕಲಿಸಿದವರು, ಮಕ್ಕಳನ್ನು ನೋಡಿಕೊಂಡವರು ಎಂದು ಬರೆಯುತ್ತ ಹೋಗಿ. ಹಾಳೆ ಬೇಗ ತುಂಬುತ್ತದೆ.

ಬದುಕಿರುವವರನ್ನು ಭೇಟಿಯಾಗುವುದು ಹೇಗೆ ಎಂದು ನಿಮ್ಮಲ್ಲಿ ಕೆಲವರು ಮೊದಲೇ ಚೀಟಿ ಕಳಿಸಿದ್ದೀರಿ. ನಿಮ್ಮ ಸಭೆಯಲ್ಲೇ ಒಬ್ಬರಿರುತ್ತಾರೆ, ಎಲ್ಲರೂ ಗೌರವಿಸುವ, ಯಾರೂ ಹತ್ತಿರ ಕೂತು ಕೇಳದ ಹಿರಿಯರು. ಭಾನುವಾರ ಆರಾಧನೆ ಮುಗಿದ ಕೂಡಲೇ ಹಿಡಿದು ನಿಲ್ಲಿಸಬೇಡಿ, ಆಗ ಅವರು ಹತ್ತು ಜನರ ನಡುವೆ ಇರುತ್ತಾರೆ. ಮೊದಲೇ ಕೇಳಿ, ಅವರಿಗೆ ಅನುಕೂಲವಾದ ಹೊತ್ತಿಗೆ ಹೋಗಿ. ಮುಕ್ಕಾಲು ಗಂಟೆ ಸಾಕು. ಇಬ್ಬರಿಗಿಂತ ಹೆಚ್ಚು ಜನ ಹೋದರೆ ಅದು ಸಭೆಯಾಗುತ್ತದೆ.

"ನಿಮ್ಮ ನಂಬಿಕೆಯ ಬಗ್ಗೆ ಹೇಳಿ" ಎಂದು ಕೇಳಿದರೆ ಅವರು ಬೋಧನೆ ಮಾಡುತ್ತಾರೆ, ತಪ್ಪು ಅವರದಲ್ಲ. ಚಿಕ್ಕದಾಗಿ ಕೇಳಿ. ಪುಸ್ತಕ ನೋಡದೆ ಹಾಡಲು ಬರುವ ಕೀರ್ತನೆ ಯಾವುದು, ಯಾರು ಕಲಿಸಿದರು? ಮೊದಲ ಬೈಬಲ್ ಯಾರು ಕೊಟ್ಟದ್ದು, ಈಗ ಎಲ್ಲಿದೆ? ಬಹಳ ಕಾಲ ಬೇಡಿಕೊಂಡು ಸಿಗದೇ ಹೋದದ್ದು ಏನು? ಯಾವ ವಾಕ್ಯ ಇವತ್ತಿಗೂ ನುಂಗಲು ಕಷ್ಟ? ಕೊನೆಯ ಎರಡು ಪ್ರಶ್ನೆಗಳನ್ನು ಮೊದಲ ಭೇಟಿಯಲ್ಲೇ ಕೇಳುವುದು ಬೇಡ. ಕೇಳಿದ ಮೇಲೆ ಸುಮ್ಮನಿರಿ. ಅವರು ತಡೆದಾಗ ನಾವು ವಾಕ್ಯ ಪೂರ್ತಿ ಮಾಡಿಕೊಟ್ಟರೆ ನಮ್ಮ ಮಾತೇ ನಮಗೆ ಸಿಗುತ್ತದೆ.

ಫೋನಿನಲ್ಲಿ ಧ್ವನಿ ಹಿಡಿಯುವುದಾದರೆ ಮೊದಲು ಅನುಮತಿ ಕೇಳಿ. ಬೇಡ ಎಂದರೆ ಮನೆಗೆ ಬಂದ ಒಂದು ಗಂಟೆಯೊಳಗೆ ಬರೆದಿಡಿ, ಮರುದಿನಕ್ಕೆ ಅವರ ಮಾತು ಹೋಗಿ ನಿಮ್ಮ ಮಾತು ಉಳಿದಿರುತ್ತದೆ. ವಯಸ್ಸಾದವರ ನೆನಪಿನಲ್ಲಿ ವರ್ಷಗಳು ಹಿಂದೆಮುಂದೆ ಆಗುತ್ತವೆ. ಮದುವೆ, ಮಕ್ಕಳ ಹುಟ್ಟು, ಊರು ಬಿಟ್ಟ ವರ್ಷ ಇವುಗಳಿಗೆ ಕಟ್ಟಿ ಕೇಳಿದರೆ ಸರಿಯಾಗುತ್ತದೆ. ಸಭೆಯ ದಾಖಲೆ ಪುಸ್ತಕದ ಜೊತೆಗೂ ಹೋಲಿಸಬಹುದು. ಬರೆದದ್ದನ್ನು ಅವರಿಗೆ ಓದಿ ಹೇಳಿ. ತೆಗೆಯಿರಿ ಎಂದದ್ದನ್ನು ಚರ್ಚೆ ಮಾಡದೆ ತೆಗೆಯಿರಿ, ಅದು ಎಷ್ಟು ಚಂದವಾಗಿದ್ದರೂ ಸರಿ. ಹೊರಡುವ ಮುನ್ನ, ನೀವು ಚಿಕ್ಕವರಾಗಿದ್ದಾಗ ಯಾರನ್ನು ನೋಡಿ ಇವರ ಹಾಗೆ ಬದುಕಬೇಕು ಎಂದುಕೊಂಡಿರಿ ಎಂದು ಕೇಳಿ. ಆ ಹೆಸರನ್ನು ಬರೆದುಕೊಳ್ಳಿ. ಅವರ ಮನೆಯವರು ಯಾರಾದರೂ ಇದ್ದಾರೆಯೇ, ಕಾಗದ, ಫೋಟೋ ಏನಾದರೂ ಉಳಿದಿದೆಯೇ ಎಂದು ಅಲ್ಲೇ ವಿಚಾರಿಸಿ, ಮುಂದಿನ ಭೇಟಿ ಅಲ್ಲಿಗೆ.